ಜಾರ್ಜ್ ಹ್ಯಾರಿಸನ್
ಜಾರ್ಜ್ ಹ್ಯಾರಿಸನ್ (೨೫ ಫೆಬ್ರವರಿ ೧೯೪೩ – ೨೯ ನವೆಂಬರ್ ೨೦೦೧) ಇಂಗ್ಲೆಂಡಿನ ಗಾಯಕ, ಗೀತರಚನಕಾರ ಹಾಗೂ ಬೀಟಲ್ಸ್ ತಂಡದ ಗಿಟಾರ್ ವಾದಕರು. ಲಿವರ್‌ಪೂಲಿನ ಬಸ್ ಕಂಡಕ್ಟರೊಬ್ಬರ ಮಗನಾದ ಇವರು ತಂಡದ ಅತ್ಯಂತ ಕಿರಿಯ ಸದಸ್ಯರಾಗಿದ್ದರು. ೧೯೬೬ರಲ್ಲಿ ಪಂಡಿತ್ ರವಿಶಂಕರರ ಬಳಿ ಸಿತಾರ್ ಕಲಿಯತೊಡಗಿದರು.

ಏಕವ್ಯಕ್ತಿ ಆಲ್ಬಮ್

ಲೆನನ್–ಮೆಕಾರ್ಟ್ನಿ ಜೋಡಿಯ ರಚನೆಗಳ ನಡುವೆ ಹ್ಯಾರಿಸನ್ನರ ಹಾಡುಗಳಿಗೆ ತಂಡದ ಆಲ್ಬಮ್‌ಗಳಲ್ಲಿ ದೊರೆಯುತ್ತಿದ್ದ ಸ್ಥಳ ಅತ್ಯಲ್ಪ. ಹೀಗಾಗಿ ಹಲವು ಗೀತೆಗಳು ವರ್ಷಗಟ್ಟಲೆ ಬಳಕೆಯಾಗದೆ ಉಳಿದವು. ೧೯೭೦ರ ಏಪ್ರಿಲ್‌ನಲ್ಲಿ ತಂಡ ಒಡೆದ ಸುದ್ದಿ ಹೊರಬಿದ್ದಿತು. ಮುಂದಿನ ತಿಂಗಳಲ್ಲೇ ಅವರು 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಆಲ್ಬಮ್‌ನ ಧ್ವನಿಮುದ್ರಣ ಆರಂಭಿಸಿದರು. ಇದರ ಶೀರ್ಷಿಕೆ ಗೀತೆಯನ್ನು ಬೀಟಲ್ಸ್ ೧೯೬೯ರ ಜನವರಿಯಲ್ಲಿ ಅಭ್ಯಾಸ ಮಾಡಿ ಕೈಬಿಟ್ಟಿತ್ತು. ಧ್ವನಿಮುದ್ರಣದ ನಡುವೆಯೇ, ಜುಲೈನಲ್ಲಿ, ಅವರ ತಾಯಿ ತೀರಿಕೊಂಡರು. ಫಿಲ್ ಸ್ಪೆಕ್ಟರ್ ಸಹ ನಿರ್ಮಾಪಕರಾಗಿದ್ದ ಈ ಆಲ್ಬಮ್ ಅದೇ ನವೆಂಬರ್‌ನಲ್ಲಿ ಮೂರು ತಟ್ಟೆಗಳಾಗಿ ಹೊರಬಂದಿತು. ಮೂರನೆಯ ತಟ್ಟೆಯಲ್ಲಿ ಬಹುಪಾಲು ಇರುವುದು ಕಲಾವಿದರು ಒಟ್ಟುಗೂಡಿ ನುಡಿಸಿದ ವಾದ್ಯಸಂಗೀತ. ಹಾಡುಗಳ ತೂಕ ಅದಕ್ಕಿಲ್ಲ.

ಹಲ್ಲೆಲೂಯಾ ಮತ್ತು ಹರೇ ಕೃಷ್ಣ ನಾಮಗಳನ್ನು ಒಟ್ಟಿಗೆ ಹೆಣೆದ 'ಮೈ ಸ್ವೀಟ್ ಲಾರ್ಡ್' ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲೂ ಪ್ರಥಮ ಸ್ಥಾನಕ್ಕೇರಿತು. ಬೀಟಲ್ಸ್‌ನ ಮಾಜಿ ಸದಸ್ಯರೊಬ್ಬರ ಏಕವ್ಯಕ್ತಿ ಗೀತೆಗೆ ಈ ಮನ್ನಣೆ ದೊರೆತದ್ದು ಇದೇ ಮೊದಲು. ಆದರೆ ಅದರ ರಾಗ ಶಿಫಾನ್ಸ್ ತಂಡದ ೧೯೬೩ರ 'ಹೀ ಈಸ್ ಸೋ ಫೈನ್' ಹಾಡನ್ನು ಹೋಲುತ್ತದೆಂದು ಮೊಕದ್ದಮೆ ಹೂಡಲಾಯಿತು. ಹ್ಯಾರಿಸನ್ ಅರಿವಿಲ್ಲದೆಯೇ ನಕಲು ಮಾಡಿದ್ದಾರೆಂದು ನ್ಯೂಯಾರ್ಕಿನ ನ್ಯಾಯಾಲಯ ೧೯೭೬ರಲ್ಲಿ ತೀರ್ಪಿತ್ತಿತು. ವಿಚಿತ್ರವೆಂದರೆ, ಆ ಹಳೆಯ ಹಾಡಿನ ಹಕ್ಕನ್ನು ಮುಂದೆ ಕೊಂಡವರು ಹ್ಯಾರಿಸನ್ನರದೇ ಮಾಜಿ ವ್ಯವಸ್ಥಾಪಕ ಅಲೆನ್ ಕ್ಲೈನ್. ಪರಿಹಾರದ ವ್ಯಾಜ್ಯ ೧೯೯೦ರ ದಶಕದವರೆಗೂ ಎಳೆಯಿತು.

೧೯೭೧ರ ಆಗಸ್ಟ್ ೧ರಂದು ಹ್ಯಾರಿಸನ್ ಮತ್ತು ರವಿಶಂಕರ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ಸಂಗೀತ ಕಛೇರಿಗಳನ್ನು ಏರ್ಪಡಿಸಿದರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅವರು ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಮರುವರ್ಷದ ಜನವರಿಯಲ್ಲಿ 'ಮೈ ಸ್ವೀಟ್ ಲಾರ್ಡ್' ಬ್ರಿಟನ್ನಿನಲ್ಲಿ ಮತ್ತೆ ಪ್ರಥಮ ಸ್ಥಾನ ಪಡೆಯಿತು.