ಸೊಳ್ಳೆಯ ಜೊತೆ ಬಾಳಿದ ರೊನಾಲ್ಡ್ ರಾಸ್: ಬೆಂಗಳೂರಿನ ತೊಟ್ಟಿಯಿಂದ ನಮ್ಮ ತರಗತಿಯವರೆಗೆ

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ರೊನಾಲ್ಡ್ ರಾಸ್ ಹೆಚ್ಚಾಗಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾರೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿದವರು, 1902ರಲ್ಲಿ ನೊಬೆಲ್ ಪಡೆದವರು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಪಾಠ ಮಾಡುವವರಿಗೆ ಹೆಚ್ಚು ಒದಗುವುದು ಆ ವಾಕ್ಯದ ಹಿಂದಿರುವ ಹದಿನಾಲ್ಕು ವರ್ಷಗಳು. ಆ ಕಾಲದಲ್ಲಿ ಬೆಂಗಳೂರು ಎರಡು ಸಲ ಬರುತ್ತದೆ. ಸೋಲು ಹಲವು ಸಲ ಬರುತ್ತದೆ.

ಬಾಲ್ಯ ಮತ್ತು ಓದು

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ತಂದೆ ಸೇನಾಧಿಕಾರಿ. ಎಂಟನೆಯ ವಯಸ್ಸಿಗೆ ಬಾಲಕನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನ ಮನಸ್ಸು ಚಿತ್ರಕಲೆ, ಕವಿತೆ, ಗಣಿತಗಳ ಕಡೆಗಿತ್ತು. ತಂದೆಯ ಹಟಕ್ಕೆ ಲಂಡನ್ನಿನಲ್ಲಿ ವೈದ್ಯಕೀಯ ಓದಬೇಕಾಯಿತು. ಓದಿನಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. ಒಂದು ಪರೀಕ್ಷೆಯಲ್ಲಿ ನಪಾಸಾಗಿ, ಕೆಲಕಾಲ ಹಡಗಿನ ವೈದ್ಯರಾಗಿದ್ದು, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು.

ಬೆಂಗಳೂರಿನ ತೊಟ್ಟಿ

1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಅವರಿಗೆ ಸಿಕ್ಕ ಬಂಗಲೆ ಚೆನ್ನಾಗಿತ್ತು, ಸೊಳ್ಳೆಕಾಟ ಮಾತ್ರ ವಿಪರೀತ. ತಮ್ಮ ಕೋಣೆಯಲ್ಲೇ ಇಷ್ಟು ಸೊಳ್ಳೆ ಯಾಕೆ ಎಂದು ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಕುಣಿಯುತ್ತಿದ್ದುದು ಕಂಡಿತು. ತೊಟ್ಟಿ ಬರಿದು ಮಾಡಿಸಿದ ಮೇಲೆ ಸೊಳ್ಳೆ ಬಹಳ ಕಡಿಮೆಯಾಯಿತು. ಬೇರೆ ಕಡೆಯೂ ಹೀಗೆ ಮಾಡಬಹುದೆಂದು ಮೇಲಿನ ಅಧಿಕಾರಿಗೆ ಹೇಳಿದರೆ, ಸೃಷ್ಟಿಯ ನಿಯಮಕ್ಕೆ ಕೈ ಹಾಕಬಾರದೆಂಬ ಉತ್ತರ ಬಂತು.

ಆಗ ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ರಾಸ್‌ಗೂ ತಿಳಿದಿರಲಿಲ್ಲ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಮಲೆನಾಡಿನಲ್ಲಿಯೂ ಚಳಿಜ್ವರಕ್ಕೆ ಇಲ್ಲಿನ ಹವೆ, ನೀರು ಕಾರಣವೆಂದು ಹಿರಿಯರು ಹೇಳುತ್ತಿದ್ದುದುಂಟು.

ತಪ್ಪು ಊಹೆಯ ವರ್ಷಗಳು

ಫ್ರೆಂಚ್ ವೈದ್ಯ ಲ್ಯಾವೆರನ್ 1880ರಲ್ಲಿಯೇ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡಿದ್ದರು. ರಾಸ್ ಅದನ್ನು ಬಹುಕಾಲ ನಂಬಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿದ ಮೇಲೆಯೇ ನಂಬಿಕೆ ಬಂತು. ಮ್ಯಾನ್ಸನ್ ಗುರುವಾದರು. ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುತ್ತದೆ, ಆ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂಬುದು ಅವರ ಊಹೆ. ಅರ್ಧ ಸರಿ, ಅರ್ಧ ತಪ್ಪು.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಈ ಊಹೆಯನ್ನು ಪರೀಕ್ಷಿಸತೊಡಗಿದರು. ಸೊಳ್ಳೆ ಸತ್ತ ನೀರನ್ನು ಕೂಲಿ ಕೊಟ್ಟು ಮನುಷ್ಯರಿಗೆ ಕುಡಿಸಿಯೂ ನೋಡಿದರು. ಇಂದಿನ ಸಂಶೋಧನಾ ನೀತಿಯಲ್ಲಿ ಇದಕ್ಕೆ ಅನುಮತಿ ಸಿಗದು. ಮಕ್ಕಳ ಮುಂದೆ ಈ ಭಾಗವನ್ನು ಬಿಟ್ಟು ಹೇಳುವುದೂ ಸರಿಯಲ್ಲ. ಅದೇ ವರ್ಷ ಕಾಲರಾ ಮತ್ತು ನೈರ್ಮಲ್ಯದ ಕೆಲಸಕ್ಕೆ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. ಚರಂಡಿ, ಬಾವಿಗಳ ಕೆಲಸದಲ್ಲಿ ಸೊಳ್ಳೆಯ ಕೆಲಸ ಹಿಂದೆ ಬಿತ್ತು. 1897ರಲ್ಲಿ ನೀಲಗಿರಿಯ ಸೀಗೂರು ಘಾಟಿಯಲ್ಲಿ ಸ್ವತಃ ಮಲೇರಿಯಾ ಹಿಡಿದು ಮಲಗಿದರು.

ಇಷ್ಟು ದಿನ ಅವರು ಕೊಯ್ದು ನೋಡುತ್ತಿದ್ದುದು ಹೆಚ್ಚಾಗಿ ಸುಲಭಕ್ಕೆ ಸಿಗುವ ಕಂದು, ಬೂದು ಸೊಳ್ಳೆಗಳನ್ನು. ಈಗ ನಾವು ಕ್ಯೂಲೆಕ್ಸ್, ಈಡಿಸ್ ಎನ್ನುವ ಗುಂಪಿನವು. ಮನುಷ್ಯರ ಮಲೇರಿಯಾ ಅವುಗಳಲ್ಲಿ ಬೆಳೆಯುವುದಿಲ್ಲ. ಕೆಲಸದಲ್ಲಿ ಕೊರತೆ ಇರಲಿಲ್ಲ, ಸೊಳ್ಳೆಯೇ ಬೇರೆಯಾಗಿತ್ತು.

1897ರ ಆಗಸ್ಟ್ 20

ಸಿಕಂದರಾಬಾದಿಗೆ ಮರಳಿದ ಮೇಲೆ ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಗಳು ಸಿಕ್ಕವು. ಅವೇ ಅನಾಫಿಲಿಸ್. ಮರಿಹುಳು ಸಾಕಿ, ಹೊರಬಂದ ಸೊಳ್ಳೆಗಳನ್ನು ಪರದೆಯೊಳಗೆ ಬಿಟ್ಟು, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಕಚ್ಚಿಸಿದರು. ಕಚ್ಚಿದ ಸೊಳ್ಳೆಯ ಲೆಕ್ಕದಲ್ಲಿ ಅವರಿಗೆ ಆಣೆಗಳಲ್ಲಿ ಕೂಲಿ. ಸೆಕೆಗೆ ಪಂಖಾ ಎಳೆಸಿದರೆ ಸೊಳ್ಳೆ ಹಾರಿಹೋಗುವುದರಿಂದ ಅದೂ ಇಲ್ಲ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಮಸೂರ ಬಿರುಕು ಬಿಟ್ಟಿತ್ತು.

ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಒಳಗೆ ಕಪ್ಪು ಕಣಗಳಿದ್ದವು. ಅಂಥ ಕಣ ಸೊಳ್ಳೆಯದಲ್ಲ, ಮಲೇರಿಯಾ ರೋಗಿಯ ರಕ್ತದಲ್ಲಿ ಕಾಣುವಂಥದು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅದೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಅವು ಜೀವಂತ, ಸೊಳ್ಳೆಯೊಳಗೆ ಬೆಳೆಯುತ್ತಿವೆ. ಕಂಡದ್ದನ್ನು ರಾಸ್ ಕೈಯಿಂದಲೇ ಚಿತ್ರ ಬರೆದು ಇಟ್ಟರು. ಬಾಲ್ಯದ ಚಿತ್ರಕಲೆ ಇಲ್ಲಿ ಉಪಯೋಗಕ್ಕೆ ಬಂತು. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ.

ಮುಂದಿನ ಹೆಜ್ಜೆಗೆ ಮುನ್ನವೇ ವರ್ಗಾವಣೆಯಾಯಿತು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು ಕೆಲಸ ಮುಂದುವರಿಸಿದರು. ಆ ಜುಲೈನಲ್ಲಿ ಪರೋಪಜೀವಿ ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬರುವುದನ್ನು ಕಂಡರು, ಸೊಳ್ಳೆ ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೆ ರೋಗ ಬರುವುದನ್ನು ತೋರಿಸಿದರು. ಕುಡಿಯುವ ನೀರಿನ ಊಹೆ ಅಲ್ಲಿಗೆ ಬಿತ್ತು. ಮನುಷ್ಯರ ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆಯೇ ದಾರಿ ಎಂಬುದನ್ನು ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಪೂರ್ತಿಗೊಳಿಸಿದರು. ಯಾರು ಮೊದಲು ಎಂಬ ಜಗಳ ಬಹುಕಾಲ ನಡೆಯಿತು. ಆ ಜಗಳದಲ್ಲಿ ಕಲ್ಕತ್ತೆಯ ಸಹಾಯಕರಾದ ಮಹಮ್ಮದ್ ಬಕ್ಸ್, ಕಿಶೋರಿ ಮೋಹನ್ ಬಂದೋಪಾಧ್ಯಾಯ ಅವರ ಹೆಸರು ಬರಲಿಲ್ಲ. ನಮ್ಮ ಪಾಠದಲ್ಲಾದರೂ ಬರಬೇಕು.

ಕೊನೆಯ ವರ್ಷಗಳು

1899ರಲ್ಲಿ ರಾಸ್ ಭಾರತ ಬಿಟ್ಟು ಲಿವರ್‌ಪೂಲ್‌ನಲ್ಲಿ ಅಧ್ಯಾಪಕರಾದರು. ಮುಂದೆ ಮಲೇರಿಯಾ ಹರಡುವ ಬಗೆಯನ್ನು ಗಣಿತದ ಸಮೀಕರಣಗಳಲ್ಲಿ ಬರೆದರು. ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಿಲ್ಲ, ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನಾಗಿ ಕ್ಷೀಣಿಸುತ್ತದೆ ಎಂಬುದು ಅದರ ಸಾರ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ತರಗತಿಯಲ್ಲಿ ಬಳಸಿದ ಬಗೆ

ಭದ್ರಾವತಿಯ ಒಂದು ಶಾಲೆಯಲ್ಲಿ 8ನೇ ತರಗತಿಗೆ ಈ ಪಾಠ ಮಾಡಿದಾಗ ರಾಸ್ ಅವರ ಚಿತ್ರದ ಜಾಗದಲ್ಲಿ ಮೊಬೈಲ್ ಇಟ್ಟೆ. ಅಡಿಕೆ ಹಾಳೆ, ಹಳೆ ಟೈರ್, ಡ್ರಮ್ಮುಗಳಲ್ಲಿ ನಿಂತ ನೀರನ್ನು ಗಾಜಿನ ಲೋಟದಲ್ಲಿ ತಂದು, ಹಿಂದೆ ಬಿಳಿ ಹಾಳೆ ಹಿಡಿದು, ಕ್ಯಾಮೆರಾದ ಮುಂದೆ ಭೂತಗನ್ನಡಿ ಇಟ್ಟು ಫೋಟೊ ತೆಗೆದೆವು. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ ಮರಿ ಅನಾಫಿಲಿಸ್. ಬಾಲದ ಕೊಳವೆಯನ್ನು ಮೇಲಿಟ್ಟು ತಲೆಕೆಳಗಾಗಿ ತೂಗುವುದು ಕ್ಯೂಲೆಕ್ಸ್ ಅಥವಾ ಈಡಿಸ್. ಗೋಡೆಯ ಮೇಲೆ ಕೂತ ಸೊಳ್ಳೆಯ ಫೋಟೊದಲ್ಲಿಯೂ ವ್ಯತ್ಯಾಸ ಕಾಣುತ್ತದೆ: ಅನಾಫಿಲಿಸ್ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ಉಳಿದೆರಡು ಗೋಡೆಗೆ ಸಮಾನಾಂತರವಾಗಿ. ನಮ್ಮ ಲೋಟಗಳಲ್ಲಿ ಸಿಕ್ಕಿದ್ದೆಲ್ಲ ತೂಗುವ ಮರಿಗಳೇ. ಡ್ರಮ್ಮಿನ ನೀರಿಗೆ ಡೆಂಗಿ ಹರಡುವ ಈಡಿಸ್ ಒಗ್ಗಿಕೊಂಡಿದೆ ಎಂಬ ಚರ್ಚೆಗೆ ಇದು ದಾರಿಯಾಯಿತು. ಲೋಟದ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿರಬೇಕು, ಪಾಠ ಮುಗಿದ ಕೂಡಲೇ ನೀರನ್ನು ಒಣನೆಲಕ್ಕೆ ಚೆಲ್ಲಬೇಕು.

ತೊಟ್ಟಿಯ ಕಥೆ ಕೇಳಿದ ಒಬ್ಬ ವಿದ್ಯಾರ್ಥಿನಿ, ತಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತದೆ, ಡ್ರಮ್ ಚೆಲ್ಲಿದರೆ ಅಮ್ಮ ಬೈಯುವುದಿಲ್ಲವೇ ಎಂದು ಕೇಳಿದಳು. ಪಾಠಯೋಜನೆಯಲ್ಲಿ ಇಲ್ಲದ, ಆದರೆ ಇರಲೇಬೇಕಾದ ಪ್ರಶ್ನೆ. ರಾಸ್ ಅವರ ಬಂಗಲೆಯಲ್ಲಿ ತೊಟ್ಟಿ ಮತ್ತೆ ತುಂಬಲು ಆಳುಗಳಿದ್ದರು. ಈ ಮಕ್ಕಳ ಮನೆಯಲ್ಲಿ ನೀರು ಹೊರುವವರು ಅವರೇ. ಚೆಲ್ಲಿ ಎಂದಷ್ಟೇ ಹೇಳಿದರೆ ಮಗು ಮನೆಗೆ ಒಯ್ಯುವುದು ನಾಚಿಕೆಯನ್ನು ಮಾತ್ರ.

ಉತ್ತರವನ್ನು ತರಗತಿಯೇ ಸೊಳ್ಳೆಯ ಜೀವನಚಕ್ರದಿಂದ ಕಟ್ಟಿತು. ಬೆಚ್ಚನೆಯ ದಿನಗಳಲ್ಲಿ ಈಡಿಸ್ ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು. ಹಾಗಾಗಿ ಹಳೆ ನೀರು ಬಳಸಿ ಮುಗಿದ ದಿನ, ವಾರಕ್ಕೊಮ್ಮೆಯಾದರೂ, ಹೊಸದು ತುಂಬುವ ಮೊದಲು ಡ್ರಮ್ಮಿನ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ನೀರಿನ ಮಟ್ಟಕ್ಕಿಂತ ಮೇಲೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ತುಂಬಿದ ಮೇಲೆ ಹಳೆ ಪಂಚೆಯನ್ನು ಬಾಯಿಗೆ ಬಿಗಿದು ಕಟ್ಟಬೇಕು. ಇದಕ್ಕೆ ಒಂದು ಕೊಡ ನೀರೂ ಹಾಳಾಗುವುದಿಲ್ಲ. ಎಲ್ಲ ಮನೆಯವರೂ ಕಟ್ಟದಿದ್ದರೆ ಏನು ಪ್ರಯೋಜನ ಎಂಬ ಇನ್ನೊಬ್ಬನ ಪ್ರಶ್ನೆಗೆ ರಾಸ್ ಅವರ ಗಣಿತವನ್ನೇ ನೆನಪಿಸಿದೆ.

ಮೌಲ್ಯಮಾಪನಕ್ಕೆ ಇಸವಿ ಕೇಳುವ ಪ್ರಶ್ನೆಯ ಜೊತೆ ಇನ್ನೆರಡು ಸೇರಿಸಬಹುದು: ಎರಡನೆಯ ದಿನ ಕೋಶ ದೊಡ್ಡದಾಗಿದ್ದುದು ಏನನ್ನು ತೋರಿಸಿತು? ನೀರು ಕುಡಿಯುವ ಊಹೆಯನ್ನು ಕೈಬಿಡಲು ಯಾವ ಸಾಕ್ಷ್ಯ ಬೇಕಾಯಿತು? ಶಿವಮೊಗ್ಗದ ಶಾಲೆಗಳಿಗೆ ಹೋಗುವ ಮುಂದಿನ ತಂಡದವರು ತಮ್ಮ ಬೀದಿಯ ಫೋಟೊಗಳನ್ನು ಇದಕ್ಕೆ ಸೇರಿಸಿದರೆ, ಎರಡೂ ಊರುಗಳ ಮರಿಹುಳುಗಳನ್ನು ಮಕ್ಕಳೇ ಹೋಲಿಸಿ ನೋಡಬಹುದು.