ಉದ್ರಿ ಕೊಟ್ಟು ನಂಬಿಕೆ ಗಳಿಸಿದ ವಾಚ್ ವ್ಯಾಪಾರಿ: ರೋಲೆಕ್ಸ್ ಕಟ್ಟಿದ ಹ್ಯಾನ್ಸ್ ವಿಲ್ಸ್‌ಡಾರ್ಫ್

ಹಳೇ ಕೈಗಡಿಯಾರ ಕೂಡಿಡೋರಿಗೆ ರೋಲೆಕ್ಸ್ ಅಂದ್ರೆ ಪ್ರಾಣ. ಆದರೆ ಆ ಕಂಪನಿ ಕಟ್ಟಿದ ಹ್ಯಾನ್ಸ್ ವಿಲ್ಸ್‌ಡಾರ್ಫ್ ವಾಚ್ ತಯಾರಿಸೋ ಕಸುಬಿನವರಲ್ಲ, ಅಪ್ಪಟ ವ್ಯಾಪಾರಿ.

1881ರಲ್ಲಿ ಜರ್ಮನಿಯ ಕುಲ್ಮ್‌ಬಾಕ್‌ನಲ್ಲಿ ಹುಟ್ಟಿದ ಅವರು 12ನೇ ವಯಸ್ಸಿಗೇ ತಂದೆ-ತಾಯಿ ಇಬ್ಬರನ್ನೂ ಕಳ್ಕೊಂಡ್ರು. ಬಂಧುಗಳು ಮನೆತನದ ವ್ಯಾಪಾರ ಮಾರಿ ಹುಡುಗನನ್ನು ಹಾಸ್ಟೆಲ್ ಶಾಲೆಗೆ ಸೇರಿಸಿದರು. 1900ರಲ್ಲಿ ಸ್ವಿಟ್ಜರ್ಲೆಂಡ್‌ನ ಗಡಿಯಾರ ಕಂಪನಿಯೊಂದರಲ್ಲಿ ಇಂಗ್ಲಿಷ್ ಪತ್ರ ಬರೆಯೋ ಕೆಲಸ ಸಿಕ್ತು. ದಿನಾ ನೂರಾರು ಗಡಿಯಾರಕ್ಕೆ ಕೀ ಕೊಡೋದೂ ಅವರದ್ದೇ ಪಾಲು.

1905ರಲ್ಲಿ ಲಂಡನ್‌ನಲ್ಲಿ ಆಲ್ಫ್ರೆಡ್ ಡೇವಿಸ್ ಜೊತೆ ಪಾಲುದಾರಿಕೆ ಶುರುವಾಯ್ತು. ಆಗ ಗಂಡಸರದ್ದು ಜೇಬು ಗಡಿಯಾರ, ಕೈಗೆ ಕಟ್ಟೋದು ಹೆಂಗಸರ ಒಡವೆ ಅನ್ನೋ ಕಾಲ. ವಿಲ್ಸ್‌ಡಾರ್ಫ್ ಹಟ ಬಿಡಲಿಲ್ಲ. 1908ರಲ್ಲಿ ರೋಲೆಕ್ಸ್ ಹೆಸರು ನೋಂದಾಯಿಸಿದರು. 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದ 45 ದಿನಗಳ ಪರೀಕ್ಷೆಯಲ್ಲಿ ಅವರ ಪುಟ್ಟ ಕೈಗಡಿಯಾರ ‘ಎ’ ದರ್ಜೆ ಪಡೆಯಿತು.

1926ರಲ್ಲಿ ನೀರು ಹೋಗದ ‘ಆಯ್ಸ್ಟರ್’ ಬಂತು. ಜನ ನಂಬಬೇಕಲ್ಲ? ಅಂಗಡಿ ಗಾಜಿನ ಹಿಂದೆ, ಮೀನಿನ ತೊಟ್ಟಿಯೊಳಗೇ ವಾಚ್ ಇಡಿಸಿದರು!

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಗೆ ಸಿಕ್ಕ ಬ್ರಿಟಿಷ್ ಸೈನಿಕರ ವಾಚುಗಳನ್ನು ಕಿತ್ತುಕೊಳ್ಳಲಾಗುತ್ತಿತ್ತು. ಜಿನೀವಾದಲ್ಲಿದ್ದ ವಿಲ್ಸ್‌ಡಾರ್ಫ್ ಅವರಿಗೆ ಹೊಸ ವಾಚ್ ಕಳಿಸಿದರು. ದುಡ್ಡು ಯುದ್ಧ ಮುಗಿದ ಮೇಲೆ ಕೊಟ್ಟರೆ ಸಾಕು ಅಂದ್ರು. ಸೈನಿಕ ಬದುಕಿ ಊರು ಸೇರ್ತಾನೋ ಇಲ್ವೋ ಗೊತ್ತಿಲ್ಲದ ಹೊತ್ತಲ್ಲಿ ಕೊಟ್ಟ ಉದ್ರಿ ಅದು. 1943ರಲ್ಲಿ ಶಿಬಿರದಲ್ಲಿ ಚಪ್ಪಲಿ-ಬೂಟು ಹೊಲಿಯುತ್ತಿದ್ದ ಸೈನಿಕನೊಬ್ಬ ದುಬಾರಿ ವಾಚನ್ನೇ ಕೇಳಿದ. ಅದೂ ಬಂತು. ಯುದ್ಧ ಮುಗಿದ ಮೇಲೆ ಬಿಲ್ಲು ಹೋಯ್ತು, ಆತ ದುಡ್ಡು ಕಟ್ಟಿದ. ಆ ವಾಚು, ಜೊತೆಗಿದ್ದ ಪತ್ರಗಳ ಸಮೇತ ಮುಂದೆ ಹರಾಜಿಗೂ ಬಂತು.

ಹಳೇ ವಾಚಿನಲ್ಲಿ ಡಯಲ್, ಮುಳ್ಳು, ಕೇಸ್ ಎಲ್ಲ ಮೊದಲಿನದ್ದೇ ಇರಬೇಕು, ಪಾಲಿಶ್ ಹೊಡೆಸಿರಬಾರದು ಅಂತ ಸಂಗ್ರಹಕಾರರು ನೋಡ್ತಾರೆ. ಹಳೇ ಬಿಲ್ಲು, ಕಾಗದ ಇದ್ದರಂತೂ ಬೆಲೆ ಇನ್ನೂ ಏರುತ್ತೆ.

1944ರಲ್ಲಿ ಪತ್ನಿ ಫ್ಲಾರೆನ್ಸ್ ತೀರಿಕೊಂಡರು, ಮಕ್ಕಳಿರಲಿಲ್ಲ. ಮರುವರ್ಷ ವಿಲ್ಸ್‌ಡಾರ್ಫ್ ತಮ್ಮ ಹೆಸರಲ್ಲಿ ಟ್ರಸ್ಟ್ ಮಾಡಿ, ಕಂಪನಿ ಅದರ ಕೈಗೆ ಸೇರುವಂತೆ ವ್ಯವಸ್ಥೆ ಮಾಡಿದರು. 1960ರಲ್ಲಿ ಜಿನೀವಾದಲ್ಲಿ ಕೊನೆಯುಸಿರೆಳೆದರು. ರೋಲೆಕ್ಸ್ ಇವತ್ತಿಗೂ ಆ ಟ್ರಸ್ಟ್‌ನದ್ದೇ.