ಹತ್ತಕ್ಕೆ ಎಷ್ಟು?

ನಮ್ಮಲ್ಲಿ ಬಹಳಷ್ಟು ಜನ ಮೊದಲನೇ ಇಂಟರ್ನಲ್ಸ್ ಮುಗಿಸಿದ್ದು ಹುಟ್ಟಿದ ಒಂದೇ ನಿಮಿಷಕ್ಕೆ. ಐದು ಪ್ರಶ್ನೆ, ಒಂದೊಂದಕ್ಕೆ ಎರಡು ಮಾರ್ಕ್ಸ್, ಒಟ್ಟು ಹತ್ತು. ಆ ಪೇಪರ್ ಸೆಟ್ ಮಾಡಿದವರು ಡಾಕ್ಟರ್ ವರ್ಜೀನಿಯಾ ಆಪ್ಗಾರ್. ಮೆಡಿಕಲ್ ಓದೋರಿಗೆ ಆಪ್ಗಾರ್ ಸ್ಕೋರ್ ಬಾಯಿಪಾಠ, ಆದರೆ ಅದು ಒಬ್ಬರ ಹೆಸರು ಅಂತ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಹುಟ್ಟಿದ್ದು 1909ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಪ್ಪನಿಗೆ ಇನ್ಶೂರೆನ್ಸ್ ಕೆಲಸ, ಮನೆಗೆ ಬಂದರೆ ಪ್ರಯೋಗ, ನಕ್ಷತ್ರ ವೀಕ್ಷಣೆ. 1933ರಲ್ಲಿ ಕೊಲಂಬಿಯಾದಲ್ಲಿ ಡಾಕ್ಟರಾದರು, ಕ್ಲಾಸಿಗೇ ನಾಲ್ಕನೆಯವರು. ಸರ್ಜನ್ ಆಗಬೇಕು ಅಂತ ಆಸೆ. ಆದರೆ ಅದು ಆರ್ಥಿಕ ಕುಸಿತದ ಕಾಲ. ಹೆಂಗಸು ಸರ್ಜನ್ ಆದರೆ ಹೊಟ್ಟೆಪಾಡು ಕಷ್ಟ ಅಂತ ಅವರ ಮುಖ್ಯಸ್ಥ ಅಲೆನ್ ವಿಪಲ್ ಅನಸ್ತೇಶಿಯಾ ಕಡೆ ತಿರುಗಿಸಿದರು. ಆಗ ಆ ಕೆಲಸ ಹೆಚ್ಚಾಗಿ ನರ್ಸ್‌ಗಳದ್ದು. ಕೇಳಿದ ಬ್ರಾಂಚ್ ಬಿಟ್ಟು ಬೇರೆ ಸಿಕ್ಕ ಹಾಗೆ (ಈ ನೋವು ನಮ್ಮಲ್ಲಿ ಅರ್ಧ ಜನಕ್ಕೆ ಅರ್ಥ ಆಗುತ್ತೆ). 1938ರಿಂದ ಆ ವಿಭಾಗವನ್ನ ಅವರೇ ಕಟ್ಟಿದರು. 1949ರಲ್ಲಿ ಆ ಮೆಡಿಕಲ್ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರೊಫೆಸರ್ ಆದರು. ಮುಖ್ಯಸ್ಥರ ಕುರ್ಚಿ ಮಾತ್ರ ಗಂಡಸಿಗೆ ಹೋಯ್ತು. ಅವರು ಹೆರಿಗೆ ವಾರ್ಡಿಗೆ ಹೋದರು.

ಅಲ್ಲಿ ಎಲ್ಲರ ಗಮನ ತಾಯಿ ಮೇಲೆ. ಮಗು ನೀಲಿಗಟ್ಟಿ ಉಸಿರಾಡದೆ ಮಲಗಿದ್ದರೆ ಏನು ಮಾಡಬೇಕು, ಯಾವಾಗ ಮಾಡಬೇಕು ಅನ್ನೋದಕ್ಕೆ ಒಂದು ಅಳತೆಯೇ ಇರಲಿಲ್ಲ. ಹೊಕ್ಕುಳಬಳ್ಳಿ ಒತ್ತಿಹೋದರೆ, ಮಾಸು ಮೊದಲೇ ಬಿಟ್ಟುಕೊಂಡರೆ, ಮಗುವಿನ ಮಿದುಳಿಗೆ ಆಮ್ಲಜನಕ ಕಡಿಮೆಯಾಗುತ್ತೆ. ಹಾಗಾದ ಕೆಲವು ಮಕ್ಕಳಿಗೆ ಮುಂದೆ ಸೆರೆಬ್ರಲ್ ಪಾಲ್ಸಿ, ಫಿಟ್ಸ್, ಕಲಿಕೆಯ ತೊಂದರೆ ಬರಬಹುದು. ಇನ್ನು ಕೆಲವರು ಏನೂ ಆಗದ ಹಾಗೆ ಬೆಳೀತಾರೆ.

ಒಂದು ದಿನ ಆಸ್ಪತ್ರೆಯ ಕ್ಯಾಂಟೀನ್‌ನಲ್ಲಿ ಒಬ್ಬ ವಿದ್ಯಾರ್ಥಿ, ಹುಟ್ಟಿದ ಮಗುವಿನ ಸ್ಥಿತಿಯನ್ನ ಹೇಗೆ ಅಳೆಯೋದು ಅಂತ ಕೇಳಿದನಂತೆ. ಆಪ್ಗಾರ್ ಅಲ್ಲೇ ಸಿಕ್ಕ ಕಾಗದದ ಮೇಲೆ ಐದು ಸಾಲು ಗೀಚಿದರು: ಹೃದಯ ಬಡಿತ, ಉಸಿರು, ಕೈಕಾಲಿನ ಬಿಗಿ, ಕೆಣಕಿದರೆ ಮುಖ ಸಿಂಡರಿಸುತ್ತಾ, ಮೈಬಣ್ಣ. ಹೃದಯ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಡಿದರೆ ಎರಡು, ಕಡಿಮೆಯಾದರೆ ಒಂದು, ಇಲ್ಲವೇ ಇಲ್ಲ ಅಂದ್ರೆ ಸೊನ್ನೆ. ಯಾವ ಸಲಕರಣೆಗೂ ಕಾಯಬೇಕಿಲ್ಲ. ಹೆರಿಗೆ ಮಾಡಿಸಿದವರೇ ಮಾರ್ಕ್ಸ್ ಕೊಡಬಾರದು ಅಂತಲೂ ಹೇಳಿದರು, ಅವರು ಧಾರಾಳವಾಗಿ ಕೊಟ್ಟುಬಿಡ್ತಾರೆ! 1953ರಲ್ಲಿ ಇದು ಅಚ್ಚಾಯ್ತು. ಆಮೇಲೆ ಡಂಕನ್ ಹಾಲಡೇ, ಸ್ಟ್ಯಾನ್ಲಿ ಜೇಮ್ಸ್ ಜೊತೆ ಮಕ್ಕಳ ರಕ್ತ ಪರೀಕ್ಷೆ ಮಾಡಿ, ಕಡಿಮೆ ಸ್ಕೋರ್ ಬಂದವರ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು ಅಂತ ತೋರಿಸಿದರು. ನವಜಾತ ಶಿಶು ಆಮ್ಲಜನಕ ಇಲ್ಲದೆಯೂ ತಡ್ಕೊಳ್ಳುತ್ತೆ ಅನ್ನೋ ಹಳೇ ನಂಬಿಕೆ ಅಲ್ಲಿಗೆ ಅಲುಗಾಡಿತು.

ಅವರ ಪರ್ಸ್‌ನಲ್ಲಿ ಯಾವಾಗಲೂ ಚಾಕು, ಉಸಿರಿನ ಟ್ಯೂಬ್ ಇರ್ತಿತ್ತು. ದಾರಿಯಲ್ಲಿ ಯಾರಾದರೂ ಉಸಿರು ಕಟ್ಟಿ ಬಿದ್ದರೆ ಅಂತ. ಇನ್ನೊಂದು ಹುಚ್ಚು ಪಿಟೀಲು ತಯಾರಿ. 1957ರಲ್ಲಿ ಆಸ್ಪತ್ರೆ ಲಾಬಿಯ ಫೋನ್ ಬೂತ್‌ನ ಮೇಪಲ್ ಹಲಗೆ ವಯೋಲಾದ ಹಿಂಬದಿಗೆ ಪರ್ಫೆಕ್ಟ್ ಅಂತ ಗೆಳತಿ ಕಾರ್ಲೀನ್ ಹಚಿನ್ಸ್ ಹೇಳಿದರು. ಇಬ್ಬರೂ ರಾತ್ರಿ ಹೋಗಿ ಹಲಗೆ ಬದಲಾಯಿಸಿದರು. ತಂದ ಬದಲಿ ಹಲಗೆ ಕಾಲು ಇಂಚು ಉದ್ದ ಆಗಿದ್ದರಿಂದ ಲೇಡೀಸ್ ಟಾಯ್ಲೆಟ್‌ನಲ್ಲಿ ಕೂತು ಗರಗಸದಿಂದ ಕೊಯ್ದರಂತೆ. ನಮ್ಮ ವರ್ಕ್‌ಶಾಪ್ ಲ್ಯಾಬ್‌ನಲ್ಲೂ ಅಳತೆ ಹೀಗೇ ತಪ್ಪುತ್ತೆ.

1959ರ ನಂತರ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ ಸೇರಿ, ಹುಟ್ಟಿನಿಂದ ಬರೋ ತೊಂದರೆಗಳ ಬಗ್ಗೆ ಊರೂರು ಸುತ್ತಿ ಮಾತಾಡಿದರು. 1974ರಲ್ಲಿ, 65ನೇ ವಯಸ್ಸಿಗೆ ತೀರಿಕೊಂಡರು.

ಅಷ್ಟರಲ್ಲಿ ಸ್ಕೋರ್ ಅವರ ಕೈ ಮೀರಿ ಹೋಗಿತ್ತು. ಈ ಮಗುವಿಗೆ ಈಗಲೇ ಸಹಾಯ ಬೇಕಾ ಅಂತ ಕೇಳೋಕೆ ಮಾಡಿದ ಸಂಖ್ಯೆಯನ್ನ ಜನ ಜಾತಕದ ಹಾಗೆ ಓದೋಕೆ ಶುರು ಮಾಡಿದ್ದರು. ಅಮೆರಿಕದಲ್ಲಿ ಸಾವಿರಾರು ಮಕ್ಕಳನ್ನ ಹುಟ್ಟಿನಿಂದ ಏಳು ವರ್ಷದವರೆಗೆ ಗಮನಿಸಿದ ಅಧ್ಯಯನದ ಲೆಕ್ಕ 1981ರಲ್ಲಿ ಬಂತು. ಮುಂದೆ ಸೆರೆಬ್ರಲ್ ಪಾಲ್ಸಿ ಆದವರಲ್ಲಿ ಶೇ. 73 ಮಕ್ಕಳಿಗೆ ಐದನೇ ನಿಮಿಷದಲ್ಲಿ 7ಕ್ಕಿಂತ ಕಡಿಮೆ ಇರಲೇ ಇಲ್ಲ! ಇನ್ನೊಂದು ಕಡೆ, ಹತ್ತು ನಿಮಿಷ ದಾಟಿದ ಮೇಲೂ ಮೂರರ ಒಳಗೇ ಇದ್ದ ಮಕ್ಕಳಲ್ಲಿ ಎಷ್ಟೋ ಜನ ಉಳಿಯಲಿಲ್ಲ ನಿಜ. ಆದರೆ ಉಳಿದ 99 ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಆದದ್ದು 12 ಜನಕ್ಕೆ.

ಈಗ ಮಗುವಿನ ಮುಂದಿನ ದಿನಗಳ ಬಗ್ಗೆ ಹೇಳೋಕೆ ಡಾಕ್ಟರುಗಳು ಮೊದಲ ದಿನಗಳಲ್ಲಿ ಫಿಟ್ಸ್ ಬಂತಾ ಅಂತ ನೋಡ್ತಾರೆ, ಇಇಜಿ, ಎಂಆರ್‌ಐ ಮಾಡಿಸ್ತಾರೆ, ಆಮೇಲೆ ವರ್ಷಗಟ್ಟಲೆ ಗಮನಿಸ್ತಾರೆ. ಒಂದನೇ ನಿಮಿಷ, ಐದನೇ ನಿಮಿಷದ ಆ ಎರಡು ಅಂಕಿ ಮಾತ್ರ ಇವತ್ತಿಗೂ ಕೇಸ್ ಶೀಟ್‌ನಲ್ಲಿ ಬೀಳ್ತಾನೇ ಇವೆ.